ನಿಂತು ತೆಗೆದ ಅಚ್ಚು

ಸೆಪ್ಟೆಂಬರ್ 3

ಮೇಷ್ಟ್ರೇ,

ಬಂದು ಒಂಬತ್ತು ದಿನವಾಯಿತು. ಫೋನಿನಲ್ಲಿ ಎಲ್ಲರೂ ಹಲ್ಲು ಕಿರಿದ ಫೋಟೋ ಕಳಿಸಿ ಕೈತೊಳೆದುಕೊಳ್ಳುತ್ತಾರೆ, ನೀನು ಕೂತು ಕಾಗದ ಬರೆ ಎಂದು ಹೊರಡುವ ದಿನ ಅಪ್ಪಣೆ ಮಾಡಿದ್ದೆಯಲ್ಲ, ಅದರಂತೆ ಕೂತಿದ್ದೇನೆ. ಇಲ್ಲಿಂದ ಅಲ್ಲಿಗೆ ಹತ್ತು ದಿನ ಹಿಡಿಯುತ್ತದೆ ಎಂದು ಅಂಚೆ ಕಚೇರಿಯ ಹೆಂಗಸು ಎರಡೂ ಕೈ ಬಿಚ್ಚಿ ತೋರಿಸಿದಳು.

ಮೊದಲು ಅಮ್ಮನ ವಿಷಯ ಹೇಳು. ಗರ್ಭಕೋಶದ ಆಪರೇಷನ್ ಈ ವಾರ ತಾನೇ? ದಿನಕ್ಕೆ ಏಳು ಗಂಟೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು ಊರವರಿಗೆಲ್ಲ ಕ್ಲಚ್ಚು ಬ್ರೇಕು ಕಲಿಸುವ ನಿಮ್ಮಮ್ಮನನ್ನು ಆರು ವಾರ ಹಾಸಿಗೆಯ ಮೇಲೆ ಇರಿಸುವುದು ಸುಲಭದ ಮಾತಲ್ಲ. ಅದಕ್ಕಾಗಿಯೇ ನೀನು ಉಳಿದುಕೊಂಡೆ. ಹೊರದೇಶದಲ್ಲಿ ಕೃತಕ ಕಾಲು ಮಾಡುವುದನ್ನು ಕಲಿಯಲು ಇಡೀ ಕಾಲೇಜಿಗೆ ಒಂದೇ ಸೀಟು. ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದು, ಎರಡನೆಯದು ನನ್ನದು. ಈ ಹದಿನೈದು ವಾರ ನಿಜಕ್ಕೂ ನಿನ್ನದು. ನಾನು ಸುಮ್ಮನೆ ಹೊತ್ತು ತಿರುಗುತ್ತಿರುವವಳು. ಹಾಗಾಗಿ ಇಲ್ಲಿ ಕಲಿತದ್ದನ್ನೆಲ್ಲ ಚಾಚೂ ತಪ್ಪದೆ ನಿನಗೆ ಬರೆಯುತ್ತೇನೆ.

ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ. ಒಂದು ಮಂಚ, ಒಂದು ಮೇಜು, ಮುಚ್ಚಲು ಹೋದರೆ ಕಿರುಚಿಕೊಳ್ಳುವ ಒಂದು ಕಪಾಟು. ಕಿಟಕಿಯಿಂದ ಬಸ್ ಡಿಪೋದ ಹಿಂಬದಿ ಕಾಣುತ್ತದೆ. ಡ್ರೈವರುಗಳು ಬಸ್ಸಿನ ನೆರಳಲ್ಲಿ ಕೂತು ಡಬ್ಬಿ ಬಿಚ್ಚುತ್ತಾರೆ. ವರ್ಕ್‌ಶಾಪಿಗೆ ಹತ್ತು ನಿಮಿಷದ ನಡಿಗೆ. ಬಾಗಿಲು ತಳ್ಳಿದರೆ ನಮ್ಮಲ್ಲಿಯದೇ ಪ್ಲಾಸ್ಟರ್ ಧೂಳು, ಅದೇ ವಾಸನೆ, ಗೋಡೆಗೆ ಒರಗಿಸಿಟ್ಟ ಕೃತಕ ಕಾಲುಗಳ ಸಾಲು. ಮನೆಗೆ ಬಂದಷ್ಟು ಸಮಾಧಾನವಾಯಿತು. ಮುಖ್ಯಸ್ಥರಿಗೆ ದಪ್ಪ ಮೀಸೆ. ಆಡಿದ ಮಾತೆಲ್ಲ ಅದರಲ್ಲಿ ಸೋಸಿಯೇ ಹೊರಗೆ ಬರಬೇಕು. ಅವರಿಗೆ ಮೀಸೆ ಸರ್ ಎಂದು ಹೆಸರಿಟ್ಟಿದ್ದೇನೆ. ನನ್ನಂತೆಯೇ ಇನ್ನೊಂದು ದೇಶದಿಂದ ಕಲಿಯಲು ಬಂದವನೊಬ್ಬನಿದ್ದಾನೆ, ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಉದ್ದ. ಅವನು ಲಂಬು.

ಅವರ ಮಾತು ಅರ್ಥವಾಗದಿದ್ದರೆ ಏನು ಮಾಡುತ್ತೀ ಎಂದು ನೀನು ಹತ್ತು ಸಲ ಕೇಳಿದ್ದೆ. ಚಿಂತೆ ಬೇಡ. ಎಲ್ಲ ಅರ್ಥವಾಗುತ್ತದೆ.

ಗಡಿಬಿಡಿ


ಸೆಪ್ಟೆಂಬರ್ 14

ಗಡಿಬಿಡಿ,

ಕಾಗದ ನಿನ್ನೆ ಬಂತು. ಒಂದೇ ಪುಟದಲ್ಲಿ ಏಳು ಕಡೆ ಹೊಡೆದು ಹಾಕಿ ಬರೆದಿದ್ದೀಯ. ದೇಶ ಬದಲಾದರೂ ಹೆಸರು ಉಳಿಸಿಕೊಂಡಿದ್ದೀಯ.

ಅಮ್ಮನ ಆಪರೇಷನ್ ಆಯಿತು. ಚೆನ್ನಾಗಿದ್ದಾರೆ. ಅವರಿಗೆ ಫೋನ್ ಮಾಡಬೇಡ, ಮಾತಾಡಿದರೆ ಸುಸ್ತಾಗುತ್ತಾರೆ.

ಈಗ ಕೆಲಸದ ವಿಷಯ. ಮಂಚ ಕಪಾಟುಗಳ ವರ್ಣನೆ ಸಾಕು. ಅಲ್ಲಿ ಕಾಲಿನ ಅಚ್ಚು ಹೇಗೆ ತೆಗೆಯುತ್ತಾರೆ? ರೋಗಿಯನ್ನು ಕೂರಿಸಿಯೋ, ನಿಲ್ಲಿಸಿಯೋ? ನಿಲ್ಲಿಸಿ ತೆಗೆಯುವ ಹೊಸ ಕ್ರಮದ ಬಗ್ಗೆ ಪುಸ್ತಕದಲ್ಲಿ ಅರ್ಧ ಪುಟ ಇದೆ, ಅಷ್ಟೇ. ನೀನು ಅದನ್ನು ನೋಡಿದರೆ ಒಂದೊಂದು ಹೆಜ್ಜೆಯನ್ನೂ ಬರೆ.

ಯಾಕೆಂದರೆ ನನಗೆ ಕೊನೆಯ ವರ್ಷದ ಕೇಸು ಸಿಕ್ಕಿದೆ. ಬಸ್ ನಿಲ್ದಾಣದ ಎದುರು ಬ್ಯೂಟಿ ಪಾರ್ಲರ್ ಇಟ್ಟಿರುವ ಅಕ್ಕ. ಎರಡು ವರ್ಷದ ಹಿಂದೆ ಅಪಘಾತದಲ್ಲಿ ಎಡಗಾಲು ಮಂಡಿಯ ಕೆಳಗೆ ಹೋಯಿತು. ಈಗಿನ ಕೃತಕ ಕಾಲು ಸಡಿಲವಾಗಿದೆ; ಮೊಂಡುಗಾಲಿಗೆ ಮೂರು ಮೂರು ಕಾಲುಚೀಲ ಸುತ್ತಿ ಹಾಕಿಕೊಳ್ಳುತ್ತಾರೆ. ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ನೋಡಮ್ಮ, ನಾನು ದಿನಕ್ಕೆ ಹತ್ತು ಗಂಟೆ ನಿಂತಿರ್ತೀನಿ. ಹುಬ್ಬು ತೀಡ್ತಾ ಇರುವಾಗ ನನ್ನ ಕಾಲು ಜಾರಿದ್ರೆ ಗಿರಾಕಿ ಹುಬ್ಬು ಹೋಗುತ್ತೆ. ಹುಬ್ಬು ಹೋದ್ಮೇಲೆ ಗಿರಾಕಿ ಇರ್ತಾಳಾ? ಮುಂದಿನ ತಿಂಗಳು ಹದಿಮೂರು ಮದುಮಗಳಂದಿರು ಒಪ್ಕೊಂಡಿದೀನಿ. ಅಷ್ಟರೊಳಗೆ ಒಂದು ಗಟ್ಟಿ ಕಾಲು ಕೊಡು."

ಕೊಡುತ್ತೇನೆ ಎಂದಿದ್ದೇನೆ. ಬೇಗ ಬರೆ.

ಮೇಷ್ಟ್ರು


ಸೆಪ್ಟೆಂಬರ್ 25

ಮೇಷ್ಟ್ರೇ,

ನೀನು ಕೇಳಿದ್ದು ಸರಿಯಾದ ಹೊತ್ತಿಗೆ ಕೇಳಿದೆ. ಇಲ್ಲಿ ನಿಲ್ಲಿಸಿಯೇ ಅಚ್ಚು ತೆಗೆಯುತ್ತಾರೆ. ಕಳೆದ ವಾರ ನಾನೇ ಒಂದು ತೆಗೆದೆ.

ಬಂದವರು ಒಬ್ಬ ತೋಟಗಾರರು. ಅರವತ್ತು ದಾಟಿದೆ, ಕೈ ತುಂಬ ಮುಳ್ಳು ಗೀರಿದ ಗುರುತು. ಮೊಂಡುಗಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿದೆ. ಮಂಡಿಯೆತ್ತರದ ಒಂದು ಡ್ರಮ್ಮು, ಅದರೊಳಗೆ ನೀರು ತುಂಬಿದ ದಪ್ಪ ಚೀಲ. ಪಟ್ಟಿ ಒದ್ದೆಯಿರುವಾಗಲೇ ಮೊಂಡನ್ನು ಅದರೊಳಗೆ ಇಳಿಸಿ ಮೈಭಾರವೆಲ್ಲ ಹಾಕಿ ನಿಲ್ಲಬೇಕು. ನೀರು ಸುತ್ತಲೂ ಒಂದೇ ಸಮ ಒತ್ತುತ್ತದೆ. ನಾವು ರೋಗಿಯನ್ನು ಕೂರಿಸಿ, ಕೈಯಲ್ಲಿ ಒತ್ತಿ, ಆಮೇಲೆ ಅಚ್ಚನ್ನು ದಿನವೆಲ್ಲ ಕೆರೆದು ಮೆತ್ತಿ ತಿದ್ದುತ್ತೇವಲ್ಲ, ಆ ಕೆಲಸವನ್ನು ಅವರ ತೂಕವೇ ಮಾಡಿಬಿಡುತ್ತದೆ. ಏಳು ನಿಮಿಷ ಹಾಗೆ ನಿಂತರು. ಆಮೇಲೆ ತಿದ್ದುವುದೇ ಇಲ್ಲ. ಅಚ್ಚು ಸುರಿ, ಒಣಗಿಸು, ಅದರ ಮೇಲೆ ಕಾಲು ಕೂರುವ ಬಟ್ಟಲನ್ನು ಎರೆ. ಮುಗಿಯಿತು. ಉಳಿ ಮುಟ್ಟುವ ಹಾಗೇ ಇಲ್ಲ.

ಮೀಸೆ ಸರ್ ನೋಡಿ ಬೆನ್ನು ತಟ್ಟಿದರು. ತೋಟಗಾರರು ಕೈಕುಲುಕಿ ಹೋದರು. ಸಂಜೆ ನಾನೂ ಲಂಬುವೂ ಇನ್ನಿಬ್ಬರೂ ಸೇರಿ ನದಿಯ ದಂಡೆಯವರೆಗೆ ನಡೆದುಹೋಗಿ ಕೂತು ಹರಟೆ ಹೊಡೆದೆವು. ದಿನ ಹೋದದ್ದೇ ತಿಳಿಯುವುದಿಲ್ಲ. ನಿನ್ನ ಪಾಲಿನದನ್ನು ನಾನು ಹಾಳು ಮಾಡುತ್ತಿಲ್ಲ ಎಂದು ನಿನಗೆ ಗೊತ್ತಾಗಲಿ ಅಂತ ಇಷ್ಟೆಲ್ಲ ಬರೆದೆ.

ಅಮ್ಮನಿಗೆ ಬಿಸಿನೀರಿನ ಬಕೆಟ್ಟು ಹೊರಲು ಬಿಡಬೇಡ.

ಗಡಿಬಿಡಿ


ಅಕ್ಟೋಬರ್ 7

ಮಗಳೇ,

ನೀನು ನನಗೆ ಅಂತ ಬೇರೆ ಬರೆದ ಕಾಗದ ಬಂತು. ಕೊನೇ ಪಾಠ ಮುಗಿಸಿ ಕಾರು ನಿಲ್ಲಿಸಿ, ಸೀಟಲ್ಲೇ ಕೂತು ಓದಿದೆ. ಮೊದಲ ಸಲ ಓದಿದಾಗ ವಿಳಾಸ ತಪ್ಪಿ ಬಂದಿದೆ ಅಂದುಕೊಂಡೆ. ಹೊಲಿಗೆ ಎಳೀತಿದ್ರೆ ದಿಂಬು ಒತ್ತಿಕೊಂಡು ಕೆಮ್ಮಿ ಅಂತ ಬರೆದಿದೀಯ. ಯಾರ ಹೊಲಿಗೆ?

ನನಗೆ ಯಾವ ಆಪರೇಷನ್ನೂ ಆಗಿಲ್ಲಮ್ಮ. ನನ್ನ ಗರ್ಭಕೋಶ ಇದ್ದ ಜಾಗದಲ್ಲಿದೆ, ಯಾರಿಗೂ ತೊಂದರೆ ಕೊಟ್ಟಿಲ್ಲ.

ನಿನ್ನ ಮೇಷ್ಟ್ರು ನನಗೆ ಹೇಳಿದ ಕಥೆ ಬೇರೆ. ಸಂದರ್ಶನದಲ್ಲಿ ನೀನು ಅವಳಿಗಿಂತ ಚೆನ್ನಾಗಿ ಮಾಡಿದೆ, ಸೀಟು ನಿನಗೆ ಹೋಯ್ತು ಅಂದಳು. ಮುಖ ಸಣ್ಣಗಾಗಿತ್ತು. ಪಾಪ, ಜೀವನದಲ್ಲಿ ಮೊದಲ ಸಲ ಎರಡನೆಯವಳಾದಳು ಅಂತ ನಾನು ಸಮಾಧಾನ ಹೇಳಿ, ಐಸ್‌ಕ್ರೀಂ ಕೊಡಿಸಿ ಕರಕೊಂಡು ಬಂದೆ. ಕೊನೇ ಚಮಚದವರೆಗೂ ತಿಂದಳು.

ಇಪ್ಪತ್ತೆರಡು ವರ್ಷದಿಂದ ಕಲಿಸ್ತಿದೀನಿ. ಕೆಲವರು ಲೈಸೆನ್ಸ್ ಪರೀಕ್ಷೆ ದಿನ ಬೆಳಿಗ್ಗೆ ಫೋನ್ ಮಾಡಿ ಜ್ವರ ಅಂತಾರೆ. ಜ್ವರ ಇರಲ್ಲ. ನಾನು ಬೈಯಲ್ಲ, ಮುಂದಿನ ವಾರ ಬನ್ನಿ ಅಂತೀನಿ. ನಮ್ಮ ಮನೇಲೇ ಅಂಥವಳು ಒಬ್ಬಳಿದಾಳೆ ಅಂತ ನನಗೆ ಹೊಳೀಲಿಲ್ಲ ನೋಡು.

ಅವಳನ್ನ ಇನ್ನೂ ಏನೂ ಕೇಳಿಲ್ಲ. ಅವಳಾಗೇ ಹೇಳಲಿ ಅಂತ ಕಾಯ್ತಿದೀನಿ. ನೀನೂ ಸದ್ಯಕ್ಕೆ ಹೇಳಬೇಡ.

ಇನ್ನೊಂದು ಮಾತು. ನಿಮ್ಮ ಕಾಯಿಲೆಯಿಂದಾಗಿ ನಾನಿಲ್ಲಿ ಬಂದು ಕೂತಿದೀನಿ, ಅದು ನೆನಪಾದರೆ ಊಟ ಸೇರಲ್ಲ ಅಂತ ಬರೆದಿದೀಯ. ನನ್ನಿಂದ ನೀನು ಹೋಗಿಲ್ಲ, ಹೊಟ್ಟೆ ತುಂಬ ಊಟ ಮಾಡು. ಊಟ ಸೇರದೇ ಇರೋಕೆ ಬೇರೆ ಕಾರಣ ಇದ್ದರೆ ಅದನ್ನೂ ಬರಿ. ನಾನು ಯಾರಿಗೂ ಹೇಳಲ್ಲ.

ನಿನ್ನ ಗೆಳತಿಯ ಅಮ್ಮ


ಅಕ್ಟೋಬರ್ 11

ಗಡಿಬಿಡಿ,

ನೀನು ಕಾಲೇಜಿಗೆ ಕಳಿಸಿದ ಅನುಭವ ಪತ್ರವನ್ನು ವಿಭಾಗದ ಮೇಡಂ ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಮೇಲೆ ಕೆಂಪು ಅಕ್ಷರದಲ್ಲಿ "ಹೊರದೇಶದಲ್ಲಿ ನಮ್ಮ ವಿದ್ಯಾರ್ಥಿನಿ". ಕುಡಿಯುವ ನೀರಿನ ಪಕ್ಕದಲ್ಲೇ ಇರುವುದರಿಂದ ಬಾಯಾರಿದವರೆಲ್ಲ ಓದುತ್ತಾರೆ. ನನಗೆ ಈಚೆಗೆ ಬಾಯಾರಿಕೆ ಕಡಿಮೆಯಾಗಿದೆ.

ತಪ್ಪು ತಿಳಿಯಬೇಡ. ನಾಲ್ಕು ವರ್ಷ ನನ್ನ ನೋಟ್ಸ್ ನೋಡಿ ಪರೀಕ್ಷೆ ಬರೆದವಳು, ನಾಲ್ಕನೆಯ ವಾರಕ್ಕೆ ನಿಲ್ಲಿಸಿ ಅಚ್ಚು ತೆಗೆದೆ ಎಂದು ಬರೆದಾಗ ಸಂತೋಷವೇ ಆಯಿತು. ಅಷ್ಟು ಕಷ್ಟದ್ದಲ್ಲ ಎಂದೂ ಅನ್ನಿಸಿತು. ಹಾಗಾಗಿ ನಾನೂ ತೆಗೆದೆ.

ಹಳೆಯ ಡ್ರಮ್ಮೊಂದನ್ನು ಕೊಯ್ಯಿಸಿದೆ. ಚೀಲ ನಾನೇ ಅಂಟಿಸಿ ಹೊಲಿದೆ. ಮೊದಲನೆಯದು ಸೋರಿತು, ಎರಡನೆಯದು ನಿಂತಿತು. ವರ್ಕ್‌ಶಾಪ್ ಸರ್ ಎರಡು ವಾರ ತರಬೇತಿಗೆ ಹೋಗಿದ್ದಾರೆ. ಸಹಾಯಕ ಸರ್ "ನೀನು ತಾನೇ, ನಾನು ನೋಡೋದೇನಿದೆ" ಎಂದು ಸಹಿ ಹಾಕಿದರು. ಪಾರ್ಲರ್ ಅಕ್ಕ ನನ್ನ ಭುಜ ಹಿಡಿದು ಏಳು ನಿಮಿಷ ನಿಂತರು. ನೀನು ಬರೆದ ಹಾಗೆ ಒಂದು ಉಳಿಯೇಟೂ ಹಾಕದೆ ಬಟ್ಟಲು ಎರೆದೆ. ನಿನ್ನೆ ಹೊಸ ಕಾಲು ಹಾಕಿಕೊಂಡು ಹೋದರು. "ಹೊರಗಡೆ ಸ್ವಲ್ಪ ಬಿಗಿ. ಹೊಸ ಚಪ್ಪಲಿನೂ ಮೊದಲು ಕಚ್ಚುತ್ತೆ ಬಿಡು" ಎಂದರು.

ನಮ್ಮ ವರ್ಕ್‌ಶಾಪಿನಲ್ಲಿ ಹೀಗೆ ಮಾಡಿದ್ದು ಇದೇ ಮೊದಲು. ಯಾರೂ ಇನ್ನೂ ಬೋರ್ಡಿಗೆ ಹಾಕಿಲ್ಲ.

ಅಮ್ಮ ಹೊಲಿಗೆ ಬಿಚ್ಚಿಸಿಕೊಂಡು ಬಂದರು. ಮೆಲ್ಲಗೆ ಓಡಾಡುತ್ತಿದ್ದಾರೆ.

ನೀನು ಅದೃಷ್ಟವಂತೆ. ಚೆನ್ನಾಗಿ ತಿರುಗು.

ಇತಿ,
ಮೇಷ್ಟ್ರು


ಅಕ್ಟೋಬರ್ 21

ಮೇಷ್ಟ್ರೇ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಸಿಕ್ಕಿತು. ಓದಿದ ಕೂಡಲೇ ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಕ್ಕನ ಕಾಲು ತಕ್ಷಣ ಬಿಚ್ಚಿಸು, ಮಂಡಿಯ ಕೆಳಗೆ ಹೊರಬದಿಯ ಮೂಳೆ ನೋಡು ಎಂದು ಮೆಸೇಜು ಹಾಕಿದೆ. ನೀನು ಓದಿದ ಗುರುತು ಬಂದಿದೆ. ಉತ್ತರ ಬಂದಿಲ್ಲ. ಹಾಗಾದರೆ ಆಗಬಾರದ್ದು ಆಗಿದೆ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆ ಅಚ್ಚನ್ನು ನಾನು ತೆಗೆಯಲಿಲ್ಲ. ಲಂಬು ತೆಗೆದ. ಆ ಹೊತ್ತಿಗೆ ನಾನು ಕೋಣೆಯ ಇನ್ನೊಂದು ತುದಿಯಲ್ಲಿ ತೊಟ್ಟಿಯ ಮುಂದೆ ನಿಂತು ಬಕೆಟ್ಟು ತೊಳೆಯುತ್ತಿದ್ದೆ.

ತೋಟಗಾರರು ಅದಕ್ಕೆ ಒಂದು ವಾರ ಮುಂಚೆಯೇ ಬಂದಿದ್ದರು. ಮೂರು ಗಂಟೆ ಬಸ್ಸಿನಲ್ಲಿ ಕೂತು ಬಂದವರು. ಮೀಸೆ ಸರ್ ಪಟ್ಟಿ ಸುತ್ತಿ, ನನ್ನ ಕೈಗೆ ಕೊಟ್ಟು, ಅತ್ತ ತಿರುಗಿ ಏನೋ ಹೇಳಿದರು. ನನಗೆ ಕೇಳಿಸಿದ್ದು "ತೆಗೆ" ಎಂದು. ತೆಗೆದೆ. ಅವರು ಹೇಳಿದ್ದು ಇನ್ನೂ ಗಟ್ಟಿಯಾಗಿಲ್ಲ, ತೆಗೆಯಬೇಡ ಎಂದಂತೆ. ಅಚ್ಚು ನನ್ನ ಕೈಯಲ್ಲೇ ಒದ್ದೆ ರಟ್ಟಿನ ಹಾಗೆ ಮಡಚಿಕೊಂಡಿತು. ಅಷ್ಟು ದೂರದಿಂದ ಬಂದವರನ್ನು ಹಾಗೆಯೇ ವಾಪಸು ಕಳಿಸಿದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ. ಬಂದ ದಿನದಿಂದ ಇಲ್ಲಿ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ತಿಳಿದವಳ ಹಾಗೆ ತಲೆಯಾಡಿಸಿಕೊಂಡು ಬಂದಿದ್ದೆ. ಆ ದಿನದಿಂದ ನಾನೇ ಬಕೆಟ್ಟು ಹಿಡಿದೆ. ಬಕೆಟ್ಟು ತೊಳೆಯುವವಳ ಹತ್ತಿರ ಯಾರೂ ಮಾತಾಡುವುದಿಲ್ಲ ನೋಡು. ನದಿಯ ದಂಡೆಗೆ ಹೋದದ್ದು ನಿಜ, ಒಬ್ಬಳೇ.

ನೀನು ಬಿಟ್ಟುಕೊಟ್ಟ ಜಾಗದಲ್ಲಿ ಕೂತು ಬಕೆಟ್ಟು ತೊಳೆಯುತ್ತಿದ್ದೇನೆ ಎಂದು ನಿನಗೆ ಹೇಗೆ ಬರೆಯಲಿ? ಅದಕ್ಕೇ ದೂರದಿಂದ ಕಂಡದ್ದನ್ನು ನಾನೇ ಮಾಡಿದೆ ಎಂದು ಬರೆದೆ. ದೂರದಿಂದ ಕಂಡದ್ದು ಲಂಬುವಿನ ಬೆನ್ನು ಅಷ್ಟೇ.

ಇವತ್ತು ಮೀಸೆ ಸರ್ ಹತ್ತಿರ ಹೋಗಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಚಿತ್ರ ಬರೆದು ತೋರಿಸಿದರು. ಪಟ್ಟಿ ಸುತ್ತುವ ಮೊದಲೇ ಹೊರಬದಿಯ ಆ ಪುಟ್ಟ ಮೂಳೆಯ ತಲೆಯ ಮೇಲೆ ಬಿಸ್ಕತ್ತಿನಷ್ಟು ದಪ್ಪದ ಮೆತ್ತೆ ಇಡಬೇಕು. ಮೆತ್ತೆ ಇದ್ದ ಕಡೆ ಬಟ್ಟಲಿನಲ್ಲಿ ಗುಳಿ ಬೀಳುತ್ತದೆ, ಮೂಳೆ ಒತ್ತುವುದಿಲ್ಲ. ಅದಕ್ಕೇ ಆಮೇಲೆ ತಿದ್ದುವ ಕೆಲಸ ಇರುವುದಿಲ್ಲ. ಆ ಮೆತ್ತೆಯನ್ನು ನಾನು ನೋಡಲೇ ಇಲ್ಲ.

ಅಮ್ಮನಿಗೆ ನಾನು ಬೇರೆ ಕಾಗದ ಬರೆದಿದ್ದೆ. ಅವರ ಉತ್ತರ ನಾಲ್ಕು ದಿನದ ಹಿಂದೆ ಬಂತು. ಅವರಿಗೆ ಗೊತ್ತು. ನಿನಗೆ ಹೇಳಬೇಡ ಎಂದಿದ್ದರು, ಆದರೆ ಇನ್ನು ಯಾವುದನ್ನೂ ಮುಚ್ಚಿಡುವ ಶಕ್ತಿ ನನಗಿಲ್ಲ. ನಾಲ್ಕು ದಿನ ನಿನ್ನ ಮೇಲೆ ಮೈಯೆಲ್ಲ ಉರಿಯುವಷ್ಟು ಕೋಪವಿತ್ತು. ಈಗ ಅದನ್ನು ಯಾವ ಬಾಯಲ್ಲಿ ಹೇಳಲಿ? ಅಕ್ಕ ಹೇಗಿದ್ದಾರೆ ಎಂದಷ್ಟು ತಿಳಿಸು. ಒಂದು ಸಾಲು ಸಾಕು.

ಗಡಿಬಿಡಿ


ನವೆಂಬರ್ 3

ಗಡಿಬಿಡಿ,

ನಿನ್ನ ಫೋನ್ ಬಂದಾಗ ನಾನು ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಅಕ್ಕನ ಗಾಯ ತೊಳೆಯುತ್ತಿದ್ದರು. ಫೋನು ಕೈಯಲ್ಲೇ ಇತ್ತು, ಎತ್ತಲಾಗಲಿಲ್ಲ.

ಅವರು ಎಂಟು ದಿನ ಆ ಕಾಲು ಹಾಕಿಕೊಂಡೇ ಕೆಲಸ ಮಾಡಿದ್ದರು. ನೋವಿಗೆ ಮಾತ್ರೆ ನುಂಗಿ, ಇಬ್ಬರು ಮದುಮಗಳಂದಿರನ್ನು ಸಿಂಗರಿಸಿ, ಮೂರನೆಯವಳ ಜಡೆ ಅರ್ಧಕ್ಕೆ ಬಂದಾಗ ಕುರ್ಚಿ ಹಿಡಿದು ಕೂತುಬಿಟ್ಟರಂತೆ. ಕಾಲುಚೀಲ ಬಿಚ್ಚಿದಾಗ ಬಟ್ಟೆಯ ಜೊತೆ ಚರ್ಮವೂ ಬಂತು. ಆ ಮೂಳೆಯ ಮೇಲೆ ಹೆಬ್ಬೆರಳ ಉಗುರಿನಷ್ಟಗಲದ ಗಾಯ. ಒಂದು ತಿಂಗಳು ಯಾವ ಕಾಲನ್ನೂ ಹಾಕಬಾರದು ಎಂದರು ಡಾಕ್ಟರು. ಉಳಿದ ಹತ್ತು ಮದುಮಗಳಂದಿರು ಬೇರೆ ಪಾರ್ಲರಿಗೆ ಹೋದರು.

ನಾನು ಅಕ್ಕನ ಮುಂದೆ ನಿಂತು ತಪ್ಪಾಯಿತು ಎಂದೆ. "ಕಚ್ಚುತ್ತೆ ಅಂತ ನಾನು ಹೇಳಿದ್ನಲ್ಲ ಪುಟ್ಟಿ. ಅವತ್ತು ಒಂದ್ಸಲ ಬಿಚ್ಚಿ ನೋಡಬಾರದಿತ್ತಾ?" ಎಂದರು. ಅಷ್ಟೇ. 

ನಿನ್ನ ಕಾಗದ ಬಂದ ದಿನ, ಎಲ್ಲ ನಿನ್ನ ತಲೆಗೆ ಕಟ್ಟಿ ಹಗುರಾಗಬಹುದು ಅನ್ನಿಸಿತು. ಅರ್ಧ ದಿನ ಹಾಗೆಯೇ ಮಾಡಿದೆ ಕೂಡ. ಆದರೆ ಹೊರಬದಿಯ ಮೂಳೆಗೆ ಜಾಗ ಬಿಡಬೇಕು ಎನ್ನುವುದು ಎರಡನೆಯ ವರ್ಷದ ಪಾಠ. ತರಗತಿಗೆಲ್ಲ ಅದನ್ನು ಹೇಳಿಕೊಟ್ಟವಳು ನಾನು. ಅಚ್ಚು ಒಣಗಿಸುವಾಗ ನನ್ನ ಬೆರಳು ಎರಡು ಸಲ ಆ ಜಾಗಕ್ಕೆ ಹೋಯಿತು. ಗಡಿಬಿಡಿ ತಿದ್ದಲಿಲ್ಲವಲ್ಲ, ಅವಳಿಗೆ ಬೆನ್ನು ತಟ್ಟಿದರಲ್ಲ ಎಂದು ಎರಡು ಸಲವೂ ಹಿಂದೆ ತೆಗೆದೆ. ನೀನು ಸುಳ್ಳು ಬರೆದೆ, ನಿಜ. ಬೆರಳು ಹಿಂದೆ ತೆಗೆದವಳು ನಾನು. ವರ್ಕ್‌ಶಾಪ್ ಸರ್ ಬಂದ ಮೇಲೆ ಇದನ್ನೇ ಬರೆದುಕೊಟ್ಟಿದ್ದೇನೆ. ನನ್ನ ಕೇಸು ರದ್ದಾಗಿದೆ. ಮುಂದಿನ ಸೆಮಿಸ್ಟರ್ ಮತ್ತೆ ಮಾಡಬೇಕು. ಸಹಾಯಕ ಸರ್ ನನ್ನ ಮುಖ ನೋಡುತ್ತಿಲ್ಲ; ನಾನೂ ಅವರದನ್ನು ನೋಡುತ್ತಿಲ್ಲ.

ನೀನು ಏಕೆ ಎಂದು ಕೇಳಲಿಲ್ಲ. ಹೇಳುತ್ತೇನೆ. ಸಂದರ್ಶನದ ದಿನ ಪರದೆಯ ಮೇಲಿದ್ದವರು ಕೇಳಿದ ಒಂದು ಪ್ರಶ್ನೆಯೂ ನನಗೆ ತಿಳಿಯಲಿಲ್ಲ. ನಗುತ್ತ ತಲೆಯಾಡಿಸಿದೆ. ಅಂಕಪಟ್ಟಿ ನೋಡಿ ಆರಿಸಿದರು. ಇಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ಬರೆದುಕೊಳ್ಳುತ್ತಾರೆ. ಅಲ್ಲಿ ಬಾಯಿ ಬಾರದೆ ಮೂಲೆಯಲ್ಲಿ ನಿಂತ ನನ್ನನ್ನು ಕಲ್ಪಿಸಿಕೊಂಡು ಮೂರು ದಿನ ನಿದ್ದೆ ಬರಲಿಲ್ಲ. ಆಮೇಲೆ ಅಮ್ಮನಿಗೆ ಆಪರೇಷನ್ ಮಾಡಿಸಿದೆ. ನೀನು ಅಲ್ಲಿ ಸುಖವಾಗಿದ್ದೀಯ ಎಂದು ಓದಿದಾಗಲೆಲ್ಲ, ಸದ್ಯ ಅವಳಾದರೂ ಚೆನ್ನಾಗಿದ್ದಾಳೆ ಎಂದು ಸಮಾಧಾನವಾಗುತ್ತಿತ್ತು. ಮರುಗಳಿಗೆಗೆ ಹೊಟ್ಟೆ ಉರಿಯುತ್ತಿತ್ತು. ಎರಡೂ ನಿಜ.

ನಿನ್ನ ಕಾಗದ ಓದಿದ ಮಾರನೆಯ ಬೆಳಿಗ್ಗೆ ಅಮ್ಮ ನನ್ನನ್ನು ಸ್ಕೂಲಿನ ಕಾರಿನಲ್ಲಿ ಕರೆದುಕೊಂಡು ಹೋಗಿ, ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಮುಂದೆ ಕೂರಿಸಿದರು. ಎರಡು ಸುತ್ತು ಹೊಡೆದ ಮೇಲೆ ಎದುರಿಗೆ ನೋಡುತ್ತಲೇ ಕೇಳಿದರು.

"ನನ್ನ ಹೊಲಿಗೆ ಹೇಗಿದೆ ಅಂತ ಕೇಳಲ್ವಾ?"

ಕಾರು ನಿಂತುಹೋಯಿತು.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ನೀವು ಹೋಗು ಅಂತಿದ್ರಿ."

"ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

ಅಮ್ಮ ಕೈಬ್ರೇಕು ಎಳೆದರು. ಆಮೇಲೆ, "ಆಪರೇಷನ್ನೇ ಯಾಕೆ ಬೇಕಿತ್ತು? ಒಂದು ಸಣ್ಣ ಬೆನ್ನುನೋವು ಅಂದಿದ್ರೆ ಸಾಲ್ತಿರಲಿಲ್ವಾ?" ಎಂದರು. ನನಗೆ ನಗು ಬಂತು, ಆ ನಗುವಿನಲ್ಲೇ ಅಳುವೂ ಬಂತು. ಅಮ್ಮ ನನ್ನ ಕೈಯನ್ನು ಗೇರಿನ ಮೇಲಿಂದ ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ನಮ್ಮ ಹಿಂದೆ ಬಂದು ನಿಂತಿದ್ದ ಇನ್ನೊಂದು ಡ್ರೈವಿಂಗ್ ಸ್ಕೂಲಿನವನು ಹಾರ್ನ್ ಹೊಡೆಯುತ್ತಲೇ ಇದ್ದ.

ಊಟ ಮಾಡುತ್ತಿದ್ದೀಯಾ? ಅಮ್ಮ ಕೇಳಿದರು. ನಾನೂ ಕೇಳುತ್ತಿದ್ದೇನೆ.

ಮೇಷ್ಟ್ರು


ನವೆಂಬರ್ 14

ಮೇಷ್ಟ್ರೇ,

ನಿನ್ನ ಕಾಗದವನ್ನು ಡಿಪೋದ ಕಡೆಯ ಕಿಟಕಿಯಲ್ಲಿ ಕೂತು ಎರಡು ಸಲ ಓದಿದೆ. ಅಕ್ಕನ ಗಾಯದ ಭಾಗವನ್ನು ಮೂರನೆಯ ಸಲ ಓದಲಾಗಲಿಲ್ಲ. ಊಟ ಮಾಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳು. ಈಗ ನಿಜವಾಗಿಯೂ ಮಾಡುತ್ತಿದ್ದೇನೆ.

ಮೀಸೆ ಸರ್‌ಗೆ ನಿನ್ನ ಕಾಗದ ಬರುವ ಮೊದಲೇ, ಹೋದ ವಾರ, ಎಲ್ಲವನ್ನೂ ಹೇಳಿಬಿಟ್ಟಿದ್ದೆ. ಬಾಯಲ್ಲಿ ಹೇಳಲಾಗದೆ ಎರಡು ಪುಟ ಬರೆದು ಕೊಟ್ಟೆ. ನಿಂತಲ್ಲೇ ಓದಿದರು, ಓದುತ್ತಾ ಕೂತರು. ಅಕ್ಕನ ಬಗ್ಗೆ ಓದುವಾಗ ಅವರ ಮುಖ ಇಳಿದುಹೋಯಿತು. "ಅರ್ಥ ಆಗದಿದ್ದಾಗ ತಲೆ ಯಾಕೆ ಆಡಿಸಿದೆ?" ಎಂದು ಕೇಳಿದರು. ನಾಚಿಕೆಯಾಯಿತು ಎಂದೆ. ಆಗ ಲಂಬು ಮೇಜಿನ ಆ ಕಡೆಯಿಂದ ಕೈ ಎತ್ತಿ, "ನನಗೂ ಅರ್ಥ ಆಗಲ್ಲ. ನಾನು ಅವರ ಕೈ ನೋಡಿ ಊಹಿಸ್ತೀನಿ" ಎಂದ. ಹದಿನೆಂಟು ವರ್ಷದಿಂದ ಅಲ್ಲೇ ಕೆಲಸ ಮಾಡುವ ಕಚೇರಿಯ ಹೆಂಗಸು, ಅವರದೇ ಭಾಷೆಯವಳು, ಬಾಗಿಲಲ್ಲಿ ನಿಂತು, "ನಾನು ಚೀಟಿಯಲ್ಲಿ ಬರೆಸ್ಕೊಳ್ತೀನಿ" ಎಂದಳು. ಮೀಸೆ ಸರ್ ಒಂದು ಕೈಯಿಂದ ಮೀಸೆ ಮುಚ್ಚಿಕೊಂಡರು. ಎರಡು ತಿಂಗಳು ನನ್ನೊಬ್ಬಳದೇ ಕೊರತೆ ಎಂದು ನಾನು ಮುಚ್ಚಿಟ್ಟುಕೊಂಡಿದ್ದದ್ದು ಇಡೀ ವರ್ಕ್‌ಶಾಪಿನದು.

ಅಂದಿನಿಂದ ಒಂದು ನಿಯಮವಾಗಿದೆ. ಅವರು ಏನು ಹೇಳಿದರೂ ನಾವು ಅದನ್ನು ತಿರುಗಿಸಿ ಹೇಳಬೇಕು, ಅವರು ಹೂಂ ಎಂದ ಮೇಲೆಯೇ ಕೈ ಹಾಕಬೇಕು. ನಿಧಾನವಾಗುತ್ತದೆ, ಆದರೆ ಯಾರಿಗೂ ಬೇಸರವಿಲ್ಲ.

ಮೊನ್ನೆ ತೋಟಗಾರರು ಬಂದಿದ್ದರು. ಕಾಲು ಸ್ವಲ್ಪ ತಿರುಗಿತ್ತು, ಹೆಬ್ಬೆರಳು ಹೊರಗೆ ನೋಡುತ್ತಿತ್ತು. ಅದನ್ನು ಸರಿಮಾಡಲು ಮೀಸೆ ಸರ್ ನನ್ನನ್ನು ಮುಂದೆ ಬಿಟ್ಟರು. ನಾನು ಮೊದಲು ಕಾಲು ಬಿಚ್ಚಿಸಿ ಚರ್ಮ ನೋಡಿದೆ, ಒತ್ತಿ ನೋಡಿದೆ, ನೋಯುತ್ತಾ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಅವರು, "ನೋಯ್ತಿಲ್ಲ ತಾಯಿ, ಆದ್ರೆ ಇನ್ನೂ ಒತ್ತಿದ್ರೆ ನೋಯುತ್ತೆ" ಎಂದರು. ಆವತ್ತು ಅಷ್ಟು ದೂರದಿಂದ ಸುಮ್ಮನೆ ಬರುವಂತಾಯಿತು, ಕ್ಷಮಿಸಿ ಎಂದೆ. "ನಮ್ಮನೇಲಿ ಮೊಮ್ಮಕ್ಕಳ ಗಲಾಟೆ. ನಂಗೆ ನಿದ್ದೆ ಬರೋದು ಬಸ್ಸಲ್ಲೇ" ಎಂದು ಎದ್ದು, ಕಂಬಿ ಹಿಡಿಯದೆ ನಡೆದುಹೋದರು.

ಬೋರ್ಡಿನ ಮೇಲಿನ ಆ ಪತ್ರವನ್ನು ತೆಗೆಸು. ಮೇಡಂಗೆ ಬೇರೆ ಬರೆದು ಬೇಗ ಸಿಗಲಿ ಎಂದು ಇಮೇಲಿನಲ್ಲೇ ಕಳಿಸಿದ್ದೇನೆ, ಕೆಟ್ಟ ಅಚ್ಚು, ಬಕೆಟ್ಟು, ಕಾಣದೆ ಹೋದ ಮೆತ್ತೆ, ಎಲ್ಲ ಸೇರಿಸಿ. ಅಕ್ಕನ ಗಾಯವನ್ನೂ ಬರೆದಿದ್ದೇನೆ, ನಿನ್ನನ್ನು ಬರೆದಿಲ್ಲ. ಡಿಸೆಂಬರ್ 9ಕ್ಕೆ ಬರುತ್ತೇನೆ. ಬಂದ ಮೇಲೆ ಕಿರಿಯರ ಮುಂದೆ ನಿಂತು ಹೇಳಬೇಕಂತೆ. ಅದನ್ನೇ ಹೇಳುತ್ತೇನೆ.

ಗಡಿಬಿಡಿ


ನವೆಂಬರ್ 25

ಗಡಿಬಿಡಿ,

ಮೇಡಂ ನಿನ್ನ ಹೊಸ ಪತ್ರವನ್ನು ಪ್ರಿಂಟ್ ತೆಗೆಸಿ ಎರಡು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದರು. ಕಾಲೇಜಿನ ಮಾನ ಎಂದರು, ಮುಂದಿನ ವರ್ಷದ ಸೀಟು ಎಂದರು. ಮೂರನೆಯ ದಿನ ಬೋರ್ಡಿನಿಂದ ಹಳೆಯದನ್ನು ತೆಗೆದು ಅವರೇ ಇದಕ್ಕೆ ಪಿನ್ನು ಚುಚ್ಚಿದರು. ಮುಂದಿನ ವರ್ಷ ಹೋಗಬೇಕೆಂದಿರುವ ಕಿರಿಯಳೊಬ್ಬಳು ಅದನ್ನು ನಿಂತು ಓದಿ, "ಅಕ್ಕಾ, ಹಾಗಾದ್ರೆ ನಾನೂ ಹೋಗಬಹುದು" ಎಂದಳು. ಅದರ ಕೆಳಗೆ ನಾನೂ ಒಂದು ಪುಟ ಸೇರಿಸಿದ್ದೇನೆ. ನೀನು ನನ್ನನ್ನು ಬಿಟ್ಟು ಬರೆದದ್ದು ನಿನ್ನ ದೊಡ್ಡತನ, ಆದರೆ ಕಥೆ ಅರ್ಧವಾಗಿತ್ತು.

ಅಕ್ಕನ ಗಾಯ ಮಾಗಿದೆ. ಈ ತಿಂಗಳೆಲ್ಲ ದಿನ ಬಿಟ್ಟು ದಿನ ಪಾರ್ಲರಿಗೆ ಹೋಗಿ ಗಾಯದ ಬಟ್ಟೆ ಬದಲಿಸಿ ಬರುತ್ತಿದ್ದೆ. ಎತ್ತರದ ಸ್ಟೂಲಿನ ಮೇಲೆ ಕೂತೇ ಹುಬ್ಬು ತೀಡುತ್ತಿದ್ದಾರೆ. ನನ್ನದನ್ನೂ ಒಂದು ದಿನ ಹಿಡಿದು ತೀಡಿದರು. "ಇಷ್ಟು ಓದಿದೀಯ, ಹುಬ್ಬು ಮಾತ್ರ ಕಾಡು" ಎಂದರು. ಆ ಧೈರ್ಯದಲ್ಲಿ ಮೊನ್ನೆ, ಹೊಸ ಕಾಲು ನಾನೇ ಮಾಡಿಕೊಡಲಾ ಅಕ್ಕ ಎಂದು ಕೇಳಿದೆ.

ಅವರು ದಾರ ಕೆಳಗಿಟ್ಟರು. "ಬೇಡಮ್ಮ. ಕೋಪ ಇಲ್ಲ ನಿನ್ನ ಮೇಲೆ, ದೇವರಾಣೆ. ಆದ್ರೆ ನೀನು ಅಳತೆ ಪಟ್ಟಿ ತೆಗೆದ್ರೆ ಸಾಕು, ನನ್ನ ಕಾಲು ತಾನಾಗೇ ಹಿಂದಕ್ಕೆ ಹೋಗುತ್ತೆ. ನಾನೇನ್ಮಾಡ್ಲಿ?" ಎಂದರು. ದಾರ ಮತ್ತೆ ಎತ್ತಿಕೊಂಡು, "ಗಾಯ ತೋರ್ಸೋಕೆ ಬಂದಾಗ ನಿಮ್ಮ ಬೋರ್ಡಲ್ಲಿ ಓದಿದೆ. ಆ ಹೊರಗೆ ಹೋದವಳು ಯಾವತ್ತು ಬರ್ತಾಳೆ? ಅವಳ ಕೈಲಿ ಮಾಡಿಸ್ಕೋತೀನಿ. ಒಂದ್ಸಲ ಕೆಡಿಸಿದವಳು ಇನ್ನು ನೂರು ಸಲ ನೋಡ್ತಾಳೆ" ಎಂದರು.

ನಾನೂ ಕೆಡಿಸಿದವಳೇ ಅಲ್ಲವಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ. ಅಮ್ಮನಿಗೆ ಹೇಳಿದೆ. ಅವರು ಸಮಾಧಾನ ಹೇಳಲು ಬರಲಿಲ್ಲ, ಪಕ್ಕದಲ್ಲಿ ಕೂತು ಬಟಾಣಿ ಬಿಡಿಸಿದರು.

ಮಾರನೆಯ ದಿನ ವರ್ಕ್‌ಶಾಪಿಗೆ ಹೋಗಿ ನಾನೇ ಪುಸ್ತಕ ತೆಗೆದು ಬರೆದೆ. ಡಿಸೆಂಬರ್ 12, ಬೆಳಿಗ್ಗೆ ಹನ್ನೊಂದು, ಅಕ್ಕನ ಅಚ್ಚು. ಮಾಡುವವರು ಎಂಬಲ್ಲಿ ನಿನ್ನ ಹೆಸರು. ಸಹಾಯಕರು ಎಂಬಲ್ಲಿ ಏನೂ ಬರೆಯದೆ ಬಿಟ್ಟಿದ್ದೆ. ವರ್ಕ್‌ಶಾಪ್ ಸರ್ ಕನ್ನಡಕದ ಮೇಲಿಂದ ನೋಡಿ, ಪೆನ್ನನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಬರೆದೆ. ಅಕ್ಕನಿಗೆ ಹೋಗಿ ಹೇಳಿದ್ದಕ್ಕೆ, "ನೀನು ಆ ಕಡೆ ನಿಂತು ಪ್ಲಾಸ್ಟರ್ ಕಲಸ್ಕೊಡು, ಬೇಡ ಅನ್ನಲ್ಲ" ಎಂದರು.

ಹಾಗಾಗಿ ಅಂದು ನೀನು ಮುಂದೆ, ನಾನು ಪಕ್ಕದಲ್ಲಿ. ನೀನು ಹೇಳಿದ್ದು ತಿಳಿಯದಿದ್ದರೆ ಮತ್ತೆ ಕೇಳುತ್ತೇನೆ. ಅಕ್ಕ ಹನ್ನೊಂದು ಎಂದರೆ ಹತ್ತೂವರೆಗೇ ಬಂದು ನಿಲ್ಲುವವರು. ನಾವು ಹತ್ತಕ್ಕೇ ಬಾಗಿಲು ತೆಗೆದಿರೋಣ.

ಮೇಷ್ಟ್ರು